ಸಯಾಮಿನ ಸೊಸೆಗೆ ಕಣೇಕಲ್ಲಿನ ಸಾಕ್ಷಿ

೧೯೪೨ರಲ್ಲಿ ನಾನು ಬ್ರಿಟಿಷರ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ ಮಡಕಶಿರಾ ತಾಲ್ಲೂಕು ಕಚೇರಿಯ ಎದುರು, ಹುಣಸೆಮರದ ಕೆಳಗೆ ಅರ್ಜಿ ಬರೆಯುತ್ತಿದ್ದೆ. ಆಗ ನನಗೆ ಮೂವತ್ತೆಂಟು ವರ್ಷ. ಓದಿದ್ದು ಮೂರನೇ ಫಾರಂವರೆಗೆ ಮಾತ್ರ. ಉಳಿದ ಇಂಗ್ಲಿಷನ್ನು ಕಚೇರಿಯ ಹಳೆಯ ಕಾಗದಗಳನ್ನು ನಕಲು ಮಾಡುತ್ತ ಕಲಿತೆ. ಕನ್ನಡ, ತೆಲುಗು, ಇಂಗ್ಲಿಷು, ಯಾವ ಭಾಷೆಯಲ್ಲಿ ಬೇಕಾದರೂ ಬರೆದುಕೊಡುತ್ತಿದ್ದೆ. ನನ್ನ ಅರ್ಜಿ ತಿರಸ್ಕಾರವಾಗುವುದಿಲ್ಲ ಎಂಬ ಹೆಸರು ತಾಲ್ಲೂಕಿನಲ್ಲಿತ್ತು. ಆ ಹೆಸರಿನ ಮೇಲೆ ನನಗೆ ಇದ್ದ ಜಂಬವೂ ಕಡಿಮೆಯದಲ್ಲ.

ಆ ವರ್ಷದ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನದೇ ಊರಾದ ರೊಳ್ಳದ ನಾಗರಾಜಪ್ಪ ತಾಯಿಯನ್ನೂ ಹೆಂಡತಿಯನ್ನೂ ಕರೆದುಕೊಂಡು ನನ್ನ ಮುಂದೆ ಬಂದು ಕೂತ. ಮಲಯದ ಕೆಡಾ ಸೀಮೆಯ ರಬ್ಬರ್ ತೋಟದ ಆಸ್ಪತ್ರೆಯಲ್ಲಿ ಅವನು ಎಂಟು ವರ್ಷ ಕಾಂಪೌಂಡರ್ ಆಗಿದ್ದವನು. ಅಲ್ಲೇ, ಗಡಿಯಾಚೆಯ ಸಯಾಂ ದೇಶದ ಮಾಲಿ ಎಂಬ ಹುಡುಗಿಗೆ ಗುಡಿಯಲ್ಲಿ ತಾಳಿ ಕಟ್ಟಿದ್ದ. ೧೯೪೦ರಲ್ಲಿ ಇಬ್ಬರೂ ರೊಳ್ಳಕ್ಕೆ ಬಂದರು. ಪರದೇಶದವರೆಲ್ಲ ಪೊಲೀಸರ ರಿಜಿಸ್ಟರಿನಲ್ಲಿ ಹೆಸರು ಬರೆಸಬೇಕೆಂಬ ನಿಯಮವಿತ್ತು. ಮಾಲಿ ಬರೆಸಿದ್ದಳು. ಆದರೆ ೧೯೪೨ರ ಜನವರಿಯಲ್ಲಿ ಸಯಾಂ ಜಪಾನಿನ ಕಡೆ ಸೇರಿ ಬ್ರಿಟಿಷರ ಮೇಲೆ ಯುದ್ಧ ಸಾರಿತು. ಕಡಲೆಕಾಯಿ ಬಿಡಿಸುತ್ತ ಕೂತಿದ್ದ ಹುಡುಗಿ ಒಂದೇ ದಿನದಲ್ಲಿ ಶತ್ರುದೇಶದ ಪ್ರಜೆಯಾದಳು.

ದಾರಿ ಇಲ್ಲದಿರಲಿಲ್ಲ. ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ಹೆಂಗಸು ತಾನೂ ಬ್ರಿಟಿಷ್ ಪ್ರಜೆಯಾಗುತ್ತಾಳೆಂದು ಆಗಿನ ಕಾನೂನು ಹೇಳುತ್ತಿತ್ತು. ಅದು ಸಾಬೀತಾದರೆ ಪರದೇಶದವರ ರಿಜಿಸ್ಟರಿನಿಂದ ಹೆಸರು ಹೊಡೆದುಹಾಕುತ್ತಾರೆ, ಅವಳು ಇಲ್ಲಿ ಖಾಯಂ ಆಗಿ ಇರಬಹುದು. ರಬ್ಬರ್ ತೋಟದ ಮ್ಯಾನೇಜರು ಮದುವೆಗೆ ಬರೆದುಕೊಟ್ಟಿದ್ದ ಸಾಕ್ಷಿಪತ್ರವೂ ಇತ್ತು. ಇದು ನನಗೆ ಎಡಗೈ ಕೆಲಸ ಎಂದುಕೊಂಡೆ.

ಅರ್ಜಿಯಲ್ಲಿ ಗಂಡ ಹುಟ್ಟಿದ ಊರು ಬರೆಯಬೇಕಿತ್ತು. ನಾಗರಾಜಪ್ಪ ಬಾಯಿ ತೆರೆಯುವ ಮೊದಲೇ ಅವನ ತಾಯಿ ಲಕ್ಕಮ್ಮ ಹೇಳಿದಳು:

“ನಮ್ಮ ತವರಲ್ಲಿ ಸಾಮಿ, ಪಾವಗಡದ ತಾವ. ಚೊಚ್ಚಲು ಬಾಣಂತನ ತವರಲ್ಲೇ ಅಲ್ವಾ? ಐದು ತಿಂಗಳು ನನ್ನ ನೆಲಕ್ಕೆ ಕಾಲಿಡಕ್ಕೆ ಬಿಡಲಿಲ್ಲ ನಮ್ಮಪ್ಪ!”

“ಪಾವಗಡ ತಾಲ್ಲೂಕು, ಮೈಸೂರು ಸಂಸ್ಥಾನ” ಎಂದು ಮುತ್ತು ಪೋಣಿಸಿದಂತೆ ಬರೆದೆ. ಮಾಲಿ ಹೆಬ್ಬೆರಳೊತ್ತಿದಳು. ಅರ್ಜಿ ಜಿಲ್ಲಾ ಕೇಂದ್ರಕ್ಕೆ ಹೋಯಿತು.

ಇಪ್ಪತ್ತೆರಡನೇ ದಿನ ಸಬ್ ಇನ್‌ಸ್ಪೆಕ್ಟರು ನನ್ನನ್ನು ಠಾಣೆಗೆ ಕರೆಸಿದರು.

“ಏನಯ್ಯಾ, ಆ ಹುಡುಗೀನ ಉಳಿಸೋಕೆ ಬರೆದ್ಯೋ, ಹಿಡಿದುಕೊಡೋಕೆ ಬರೆದ್ಯೋ?” ಎನ್ನುತ್ತ ಕಾಗದವನ್ನು ಮೇಜಿನ ಮೇಲೆ ನೂಕಿದರು.

ಓದಿದೆ. ಜಿಲ್ಲಾ ಕೇಂದ್ರದ ಆಜ್ಞೆ ಅದು. ಗಂಡ ಮೈಸೂರು ಸಂಸ್ಥಾನದಲ್ಲಿ ಹುಟ್ಟಿದವನೆಂದು ಅರ್ಜಿಯೇ ಒಪ್ಪಿಕೊಂಡಿದೆ. ಮೈಸೂರು ಮಹಾರಾಜರ ಸೀಮೆ ಬ್ರಿಟಿಷ್ ಸರಕಾರದ ನೆಲವಲ್ಲ. ಆದ್ದರಿಂದ ಅವನು ಬ್ರಿಟಿಷ್ ಪ್ರಜೆಯಲ್ಲ, ಅವನ ಹೆಂಡತಿಯೂ ಅಲ್ಲ. ಅವಳನ್ನು ಎಂಟು ದಿನದೊಳಗೆ ಶತ್ರುದೇಶದವರ ಶಿಬಿರಕ್ಕೆ ಕಳಿಸತಕ್ಕದ್ದು.

ಬೆಳಗ್ಗೆ ಕುರಿ ಅಟ್ಟಿಕೊಂಡು ಆಚೆಗೆ ಹೋಗಿ ಸಂಜೆ ಈಚೆಗೆ ಬರುವ ಗಡಿ ಅದು. ನಮ್ಮ ಹೊಲ ಒಂದು ಕಡೆ, ಹೆಣ್ಣು ಕೊಟ್ಟ ಮನೆ ಇನ್ನೊಂದು ಕಡೆ. ಅದು ಇನ್ನೊಂದು ದೇಶವೆಂದು ನಮ್ಮಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಕಾನೂನು ಬಲ್ಲವನೆಂದು ಮೆರೆಯುತ್ತಿದ್ದ ನನಗೂ ಅನ್ನಿಸಿರಲಿಲ್ಲ. ನನ್ನ ಕೈಬರಹವೇ ಆ ಹುಡುಗಿಯನ್ನು ಹಿಡಿದುಕೊಟ್ಟಿತ್ತು.

ಚೌಕಾಸಿ ನನಗೆ ಹುಟ್ಟುಗುಣ. ಇಪ್ಪತ್ತು ದಿನ ಕೊಡಿ ಎಂದು ಕೇಳಿದೆ. ಇನ್‌ಸ್ಪೆಕ್ಟರು ನಕ್ಕರು. ಹುಡುಗಿ ದಿನಾ ಠಾಣೆಗೆ ಬಂದು ಹೆಬ್ಬೆರಳೊತ್ತುತ್ತಾಳೆ, ಅವಳೆಲ್ಲಾದರೂ ಹೋದರೆ ನನ್ನನ್ನು ಒಳಗೆ ಹಾಕಿ ಎಂದೆ. “ಹನ್ನೆರಡು ದಿನ. ಹದಿಮೂರನೇ ದಿನ ನನ್ನ ಮುಖ ನೋಡಬೇಡ,” ಎಂದರು.

ಅಂದೇ ಹಿಂದೂಪುರದ ಒಬ್ಬ ವಕೀಲರ ಮನೆ ಬಾಗಿಲು ತಟ್ಟಿದೆ. ಅವರ ಸಲಹೆಗೆ ಬದಲಾಗಿ, ಈ ಕೆಲಸ ಮುಗಿದ ಮೇಲೆ ಒಂದು ವಾರ ದಸ್ತಾವೇಜುಗಳ ನಕಲು ಬರೆದುಕೊಡುತ್ತೇನೆಂದೆ. ಅವರು ದಪ್ಪ ಪುಸ್ತಕ ತೆಗೆದು ಓದಿ ಹೇಳಿದ್ದರಲ್ಲಿ ನಾನು ಹಿಡಿದುಕೊಂಡದ್ದು ಇಷ್ಟು: ಮಗ ಹೊರಗೆ ಹುಟ್ಟಿದ್ದರೂ ಅವನ ತಂದೆ ಬ್ರಿಟಿಷ್ ನೆಲದಲ್ಲಿ ಹುಟ್ಟಿದ ಪ್ರಜೆಯಾಗಿದ್ದರೆ ಮಗನೂ ಬ್ರಿಟಿಷ್ ಪ್ರಜೆಯೇ. ಆದರೆ ಕಾಗದದ ಸಾಕ್ಷಿ ಬೇಕು.

ರೊಳ್ಳಕ್ಕೆ ಓಡಿದೆ. ನಾಗರಾಜಪ್ಪನ ತಂದೆ ತಿಪ್ಪಣ್ಣ ತೀರಿಕೊಂಡು ಹತ್ತು ವರ್ಷವಾಗಿತ್ತು. ತಿಪ್ಪಣ್ಣನ ತಾಯಿ ಓಬಮ್ಮ ಇನ್ನೂ ಗಟ್ಟಿಯಾಗಿದ್ದಳು, ಎಪ್ಪತ್ತು ದಾಟಿದ ಮುದುಕಿ. ಈ ಸಲ ನಾನು ಊರು ಕೇಳಲಿಲ್ಲ.

“ಅಜ್ಜೀ, ನಿನ್ನ ಮಗನ್ನ ಯಾರ ಮನೇಲಿ ಹೆತ್ತೆ?”

“ಇನ್ಯಾರ ಮನೇಲಿ? ನಮ್ಮ ತವರೋರ ಮನೇಲಿ. ಕಣೇಕಲ್ಲಲ್ಲಿ.”

ಕಂಬಳಿ ವ್ಯಾಪಾರದ ನೆಂಟಸ್ತನದಲ್ಲಿ ಅಷ್ಟು ದೂರದಿಂದ ಬಂದ ಸೊಸೆ ಅವಳು. ಕಣೇಕಲ್ಲು ರಾಯದುರ್ಗ ತಾಲ್ಲೂಕು. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದರೂ ಮದ್ರಾಸ್ ಪ್ರೆಸಿಡೆನ್ಸಿಯೇ, ಅಂದರೆ ಬ್ರಿಟಿಷ್ ನೆಲ. ಅಡುಗೆಮನೆಯ ಬಾಗಿಲಲ್ಲಿ ಮಾಲಿ ನಿಂತಿದ್ದಳು. “ಹೆದರಬೇಡ ತಾಯಿ,” ಎಂದೆ. ಅವಳು ದಾರಿಗೆಂದು ಒಂದು ಹಿಡಿ ಕಡಲೆಕಾಯಿ ಕಟ್ಟಿಕೊಟ್ಟಳು.

ಯುದ್ಧಕಾಲದಲ್ಲಿ ಪೆಟ್ರೋಲಿಲ್ಲದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸುಗಳಲ್ಲಿ, ಕಲ್ಯಾಣದುರ್ಗದ ಮೇಲೆ ಕಣೇಕಲ್ಲು ಮುಟ್ಟುವಷ್ಟರಲ್ಲಿ ಎರಡು ದಿನ ಹೋಯಿತು. ಕೆರೆಯಲ್ಲಿ ಇನ್ನೂ ನೀರಿತ್ತು, ಗದ್ದೆಗಳಲ್ಲಿ ಬೇಸಗೆ ಬೆಳೆ ಹಸಿರಾಗಿತ್ತು, ನೋಡುವ ಮನಸ್ಸಿರಲಿಲ್ಲ. ಓಬಮ್ಮನ ತಮ್ಮ ಮಲ್ಲಪ್ಪನನ್ನು ಜೊತೆಗೆ ಕರೆದುಕೊಂಡು ಊರಿನ ಕರಣಂ ಮನೆಗೆ ಹೋದೆ. ಹುಟ್ಟು ಸಾವಿನ ಪುಸ್ತಕ ಬರೆದಿಡುವ ಗ್ರಾಮಲೆಕ್ಕಿಗನಿಗೆ ನಮ್ಮಲ್ಲಿ ಕರಣಂ ಎನ್ನುತ್ತಾರೆ.

“ಐವತ್ತು ವರ್ಷದ ಹಿಂದಿಂದು ಅಂತೀರಿ. ಗೆದ್ದಲು ತಿಂದಿರ್ತಾವ್ರಿ,” ಎಂದು ಕರಣಂ ಆಕಳಿಸಿದ.

“ಗೆದ್ದಲು ತಿಂದು ಬಿಟ್ಟಿದ್ದನ್ನೇ ತೋರಿಸಿ. ತಿಂದದ್ದನ್ನ ನಾನು ಕೇಳಲ್ಲ,” ಎಂದೆ.

ಅವನು ನಕ್ಕು ಅಟ್ಟ ಹತ್ತಿದ. ಕೆಂಪು ಬಟ್ಟೆಯ ಗಂಟು ಬಿಚ್ಚಿ ಮಧ್ಯಾಹ್ನದವರೆಗೆ ಹಾಳೆ ತಿರುವಿದೆವು. ಕೊನೆಗೆ ಸಿಕ್ಕಿತು. ಗಂಡು ಮಗು, ತಾಯಿ ಓಬಮ್ಮ, ತಂದೆಯ ಊರು ರೊಳ್ಳ. ನಾನು ಕೂಗಿಯೇಬಿಟ್ಟೆ. ಕರಣಂ ಮಾತ್ರ ಸಾಲಿನ ತುದಿಗೆ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದ.

“ಇಲ್ಲಿ ಓದ್ರಿ. ಒಂಬತ್ತನೇ ದಿನ ಮರಣ ಅಂತ ಐತಿ.”

ಒಂಬತ್ತು ದಿನಕ್ಕೆ ಸತ್ತ ಮಗು ದೊಡ್ಡವನಾಗಿ ನಾಗರಾಜಪ್ಪನ ತಂದೆ ಹೇಗಾದ? ಇದು ಬೇರೆ ಮಗು. ಹಾಗಾದರೆ ತಿಪ್ಪಣ್ಣ ಹುಟ್ಟಿದ್ದೆಲ್ಲಿ? ಚೊಚ್ಚಲು ಹೋದ ಮೇಲೆ ಅದೇ ಮನೆಗೆ ಎರಡನೇ ಹೆರಿಗೆಗೆ ಕಳಿಸುವವರು ಯಾರು? ಕೈಯಲ್ಲಿ ಉಳಿದದ್ದು ಏಳು ದಿನ.

ಮಲ್ಲಪ್ಪ ಗೋಡೆಗೊರಗಿ ಎಲೆಯಡಿಕೆ ಜಗಿಯುತ್ತಿದ್ದವನು ನಿಧಾನವಾಗಿ ಎದ್ದ.

“ಯಾಕ ಹಿಂಗ ಗಾಬರಿ ಆಗ್ತೀರಿ? ತಿಪ್ಪಣ್ಣ ಅಂತ ಹೆಸರು ಸುಮ್ನ ಇಟ್ರೇನ್ರಿ? ಮೊದಲಿಂದು ಹೋದ್ರ, ಎರಡನೇದನ್ನ ತಿಪ್ಪಿ ಮ್ಯಾಲ ಹೊಳ್ಳಾಡಿಸಿ ಆ ಹೆಸರು ಇಡ್ತಾರ್ರಿ. ದೃಷ್ಟಿ ತಾಗಬಾರ್ದಂತ.”

“ಹೊರಳಾಡಿಸಿದ್ದು ಯಾವೂರ ತಿಪ್ಪೆ ಮೇಲೆ, ಹೇಳಪ್ಪಾ!”

“ಇದೇ ಊರಾಗ್ರಿ. ನಮ್ಮ ಮನಿ ಆಗಿಬರಂಗಿಲ್ಲ ಅಂತ ಅಕ್ಕನ್ನ ದೊಡ್ಡಪ್ಪನ ಮನ್ಯಾಗ ಇಟ್ಟಿದ್ರು. ಆ ಮನಿ ಹೆಸರಿಲೆ ನೋಡ್ರಿ.”

ಎರಡು ವರ್ಷದ ಹಾಳೆ ಮುಂದಕ್ಕೆ ತಿರುವಿದೆವು. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದ ಕಡೆ ದೊಡ್ಡಪ್ಪನ ಮನೆಯ ಹೆಸರಿನ ಕೆಳಗೆ ಓಬಮ್ಮನ ಎರಡನೆಯ ಗಂಡು ಮಗು ಇತ್ತು. ತಾಲ್ಲೂಕಿನಲ್ಲಿ ಎಲ್ಲರಿಗಿಂತ ಜಾಣನೆಂದುಕೊಂಡಿದ್ದ ನಾನು ತಿಪ್ಪಣ್ಣನ ಹೆಸರನ್ನು ಎಷ್ಟು ಸಲ ಬರೆದಿದ್ದೆ! ಆ ಮನೆಯಲ್ಲಿ ಅವನಿಗಿಂತ ಮೊದಲೊಂದು ಮಗು ಹೋಗಿರಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ.

ನಕಲಿಗೆ ರಾಯದುರ್ಗದ ತಹಸೀಲ್ದಾರರ ಸಹಿ ಬೇಕಿತ್ತು. ಪುಸ್ತಕ ಹೊರಗೆ ಕೊಡುವಂತಿಲ್ಲವೆಂದ ಕರಣಮನಿಗೆ, ಪುಸ್ತಕ ನಿಮ್ಮ ಕಂಕುಳಲ್ಲೇ ಇರಲಿ, ನೀವೇ ನನ್ನ ಜೊತೆ ಬನ್ನಿ ಎಂದೆ. ಬಂದ. ರಾಯದುರ್ಗದ ಕಚೇರಿಯಲ್ಲಿ ಎರಡು ದಿನ ಕಾದೆ. ಮೂರನೇ ದಿನ ತಹಸೀಲ್ದಾರರು ಸಾಲನ್ನೋದಿ, ಕರಣಮನನ್ನೂ ಮಲ್ಲಪ್ಪನನ್ನೂ ವಿಚಾರಿಸಿ ಮೊಹರು ಒತ್ತಿದರು. ಹನ್ನೊಂದನೇ ದಿನ ಸಂಜೆ ಮಡಕಶಿರಾ ಠಾಣೆಯ ಮೇಜಿನ ಮೇಲೆ ನಕಲನ್ನಿಟ್ಟೆ. ಇನ್‌ಸ್ಪೆಕ್ಟರು ಎರಡು ಸಲ ಓದಿ, ಮೇಲಿನ ಉತ್ತರ ಬರುವವರೆಗೆ ಹುಡುಗಿ ಮನೆಯಲ್ಲೇ ಇರಲಿ ಎಂದರು.

ಏಪ್ರಿಲ್ ಕೊನೆಗೆ ಆಜ್ಞೆ ಬಂತು. ನಾಗರಾಜಪ್ಪ ಬ್ರಿಟಿಷ್ ಪ್ರಜೆ; ಅವನ ಹೆಂಡತಿಯೂ. ನಾನೇ ರೊಳ್ಳಕ್ಕೆ ಹೋಗಿ ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದೆ. ಲಕ್ಕಮ್ಮ ಅತ್ತಳು. ಓಬಮ್ಮ ನನ್ನ ಬೆನ್ನಿಗೆ ಗುದ್ದಿ, “ನನ್ನ ಹೆರಿಗೆ ಸುದ್ದಿ ಸರಕಾರದ ತಂಕ ಒಯ್ದ್ಯಲ್ಲೋ, ನಾಚಿಕೆಗೆಟ್ಟೋನೆ!” ಎಂದಳು. ಎಲ್ಲರೂ ನಕ್ಕರು.

ಮಾಲಿ ನಗಲಿಲ್ಲ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು.

“ಈಗ ನಾನು ಸಯಾಂನೋಳು ಅಲ್ವಾ ಸಾಮಿ?”

“ಅಲ್ಲ ತಾಯಿ. ಇನ್ನು ಯಾರೂ ನಿನ್ನ ಹಂಗನ್ನೋ ಹಾಗಿಲ್ಲ,” ಎಂದೆ, ಹೆಮ್ಮೆಯಿಂದ.

“ಅಮ್ಮ ಅಲ್ಲೇ ಅವ್ಳೆ. ಯುದ್ಧ ಮುಗಿದ್ಮೇಲೆ ಹೋದ್ರೆ, ಅಲ್ಲಿ ನಾನು ಪರದೇಶದೋಳಾ?”

ಲಕ್ಕಮ್ಮನ ನಗು ನಿಂತಿತು. ನಾಗರಾಜಪ್ಪ ನನ್ನನ್ನು ನೋಡಿದ. ನನಗೆ ಉತ್ತರ ಗೊತ್ತಿತ್ತು. ವಕೀಲರು ಅಂದೇ ಹೇಳಿದ್ದರು. ಗಂಡನ ಪ್ರಜೆತನ ಸಿಕ್ಕಿದ ಕ್ಷಣ ತವರಿನದು ಹೋಗುತ್ತದೆ. ಅದನ್ನು ಅವಳಿಗೆ ಹೇಳಬೇಕೆಂದು ನನಗೆ ತೋಚಿಯೇ ಇರಲಿಲ್ಲ. ಎರಡು ತಿಂಗಳಲ್ಲಿ ನಾನು ಅವಳ ಅತ್ತೆಯನ್ನು ಕೇಳಿದೆ, ಅಜ್ಜಿಯನ್ನು ಕೇಳಿದೆ, ಕರಣಂ, ವಕೀಲ, ಪೊಲೀಸು, ತಹಸೀಲ್ದಾರ, ಎಲ್ಲರನ್ನೂ ಕೇಳಿದೆ. ಅವಳ ಹೆಬ್ಬೆರಳನ್ನು ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ.

“ಹೂಂ, ತಾಯಿ,” ಎಂದೆ.

“ಗೊತ್ತಿದ್ರೂ ಹೆಬ್ಬೆಟ್ಟು ಒತ್ತುತಿದ್ದೆ,” ಎಂದಳು ಮಾಲಿ. “ಆದ್ರೆ ಗೊತ್ತಿದ್ದು ಒತ್ತುತಿದ್ದೆ.”

ಆಮೇಲೆ ಇಪ್ಪತ್ತಾರು ವರ್ಷ ಅರ್ಜಿ ಬರೆದೆ. ಕಾಗದದ ಕೆಲಸಕ್ಕೆ ಹೋಗುವವರಿಗೆ ನಾನು ಹೇಳುವುದು ಎರಡು ಮಾತು. ಊರು ಯಾವುದೆಂದು ಕೇಳಬೇಡಿ, ಯಾರ ಮನೆಯಲ್ಲಿ ಹುಟ್ಟಿದಿರೆಂದು ಕೇಳಿ; ನಮ್ಮ ಕಡೆ ಅವೆರಡೂ ಬೇರೆ. ಇನ್ನೊಂದು, ಅರ್ಜಿ ಯಾರದೋ ಅವರನ್ನೇ ಮುಂದೆ ಕೂರಿಸಿಕೊಳ್ಳಿ. ಇದರಿಂದ ನಿಮಗೆ ಸಿಗುವುದು ಇಷ್ಟು, ಹೋಗುವುದು ಇಷ್ಟು ಎಂದು ಅವರ ಭಾಷೆಯಲ್ಲಿ ಹೇಳಿ. ಅವರು ಹೂಂ ಎನ್ನುವವರೆಗೆ ಮಸಿಯ ಡಬ್ಬಿ ತೆರೆಯಬೇಡಿ. ಎಷ್ಟೋ ಜನ ಹೂಂ ಎನ್ನದೆ ಎದ್ದು ಹೋದರು. ಅವರನ್ನು ನಾನು ತಡೆಯಲಿಲ್ಲ.