ಬಾರಿಸಿದ ಗಡಿಗೆ

ಅತ್ತೆ ನನ್ನನ್ನು ಟಿಕೋಟಕ್ಕೆ ವಾಪಸು ಕರೆದುಕೊಂಡು ಹೋಗಲಿಲ್ಲ, ಯಾಕೆಂದರೆ ಒಲೆಯ ಪಕ್ಕದ ಒಂದು ಗಡಿಗೆ ಖಾಲಿ ಇತ್ತು. ನಡೆದದ್ದು ಇಷ್ಟೇ. ನನ್ನ ಮೊಮ್ಮಕ್ಕಳು ಇದನ್ನು ಬೇರೆ ಥರ ಹೇಳುತ್ತಾರೆ. ಅಜ್ಜಿಗೆ ಮನೆ ಸಿಂಗರಿಸುವ ಕೈ ಇತ್ತಂತೆ, ಅತ್ತೆ ಗೋಡೆ ನೋಡಿ ಬೆರಗಾಗಿ ಇಲ್ಲೇ ಇರು ಅಂದಳಂತೆ. ನಮ್ಮ ಅತ್ತೆ ಯಾವ ಗೋಡೆ ನೋಡಿಯೂ ಬೆರಗಾದವಳಲ್ಲ. ಗೋಳಗುಮ್ಮಟ ನೋಡಿ ಬಂದು, "ಇಷ್ಟ್ ದೊಡ್ಡದ್ರಾಗ ಒಂದ್ ಒಲೀನೂ ಇಲ್ಲ" ಅಂದವಳು.

ಆಗ ಯುದ್ಧದ ಕಾಲ. ಈಗಿನ ವಿಜಯಪುರಕ್ಕೆ ನಾವು ವಿಜಾಪುರ ಅನ್ನುತ್ತಿದ್ದೆವು. ನನ್ನ ಗಂಡ ಸಿದ್ಧೇಶ್ವರ ಗುಡಿಯ ಹತ್ತಿರ, ರೈತರ ಕಾಳು ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ತೂಕ ನೋಡುವ ಕೆಲಸಕ್ಕಿದ್ದ. ಖಾನಾವಳಿಯ ಊಟದಿಂದ ಅವನ ಹೊಟ್ಟೆ ಕೆಟ್ಟಿತು. ಹಳೆಯ ವಾಡೆಯೊಂದರ ಮಹಡಿ ಮೇಲೆ ಒಂದು ಖೋಲಿ ಹಿಡಿದ. ನಾನು ಕಳ್ಳಕವಟಗಿಯಲ್ಲಿ ಹುಟ್ಟಿದವಳು, ಟಿಕೋಟಕ್ಕೆ ಕೊಟ್ಟವಳು. ಸಾಲಿ ಕಲಿತದ್ದು ಅಕ್ಷರ ಕೂಡಿಸಿ ಓದುವಷ್ಟು. ಪಟ್ಟಣದಲ್ಲಿ ದುಡಿಯುವವರ ಹೆಂಡಂದಿರು ಊರಲ್ಲೇ ಇರುವುದು ಆಗಿನ ರೂಢಿ. ಅತ್ತೆ ನನ್ನನ್ನು ಕಳಿಸಿದ್ದು ಮಗನ ಹೊಟ್ಟೆಗಾಗಿ, ಅದೂ ಒಂದು ಶರತ್ತಿನ ಮೇಲೆ.

"ಹೋಗು. ಅಂವನ ಹೊಟ್ಟಿ ನೆಟ್ಟಗಾಗ್ಲಿ. ದೀಪಾವಳಿ ಮುಂದ ಬಂದು ನೋಡ್ತೀನಿ. ಖೋಲಿ ಮನಿ ಆಗಿತ್ತಂದ್ರ ಇರು. ಖೋಲಿನ ಆಗಿ ಉಳಿದಿತ್ತಂದ್ರ ನನ್ನ ಜೋಡಿ ಮೋಟಾರ ಹತ್ತು."

ನನಗೆ ಇರಬೇಕಾಗಿತ್ತು. ಗಂಡನ ಮೇಲಿನ ಪ್ರೀತಿಗೆ ಅಂತ ಹೇಳಿದರೆ ಸುಳ್ಳಾಗುತ್ತದೆ, ಆಗ ಅವನ ಗುರುತೇ ನನಗೆ ಸರಿಯಾಗಿ ಇರಲಿಲ್ಲ. ಟಿಕೋಟದಲ್ಲಿ ಗಂಡನ ಅಣ್ಣಂದಿರ ಹೆಂಡಂದಿರು ಇಬ್ಬರು ನೆಗೆಣ್ಣಿಯರು, ಮನೆ ತುಂಬ ಉಣ್ಣುವವರು. ನಾನು ಬೀಸುವುದು, ಬಡಿಯುವುದು, ತಿಕ್ಕುವುದು. ಒಲೆ ಯಾವತ್ತೂ ಬೇರೆಯವರದು. ವಿಜಾಪುರದ ಖೋಲಿಯಲ್ಲಿ ಒಲೆ ನನ್ನದು. ಯಾವ ಗೂಡಿನಲ್ಲಿ ದೀಪ ಇಡಬೇಕು ಅನ್ನುವುದನ್ನು ನಾನು ಹೇಳಬಹುದಿತ್ತು. ಅಂಥದ್ದು ನನಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಅತ್ತೆಯ ಮನೆಯ ಒಂದು ಕಟ್ಟಳೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಟಿಕೋಟದ ಅಡಿಗೆಮನೆಯ ಮೂಲೆಯಲ್ಲಿ ಅಡಕಲು ಇತ್ತು. ಅಡಕಲು ಅಂದರೆ ಒಂದರ ಮೇಲೊಂದು ಏರಿಸಿದ ಮಣ್ಣಿನ ಗಡಿಗೆಗಳು, ಬುಡಕ್ಕೆ ದೊಡ್ಡದು, ಮೇಲೆ ಹೋದಂತೆ ಸಣ್ಣವು. ಮೇಲಿನವುಗಳಲ್ಲಿ ಬೇಳೆ, ಬೆಲ್ಲ, ಹುಣಸೆಹಣ್ಣು. ಬುಡದ್ದರಲ್ಲಿ ಜೋಳ. ಅತ್ತೆ ಅದರ ಪಕ್ಕ ಹಾದುಹೋಗುವಾಗೆಲ್ಲ ಬೆರಳ ಗೆಣ್ಣಿನಿಂದ ಬಾರಿಸುತ್ತಿದ್ದಳು, ದನದ ಬೆನ್ನು ತಟ್ಟಿದ ಹಾಗೆ. ತುಂಬಿದ್ದರೆ ದಪ್ಪ ಸಪ್ಪಳ, ಖಾಲಿ ಇದ್ದರೆ ಠಣ್ ಅನ್ನುತ್ತಿತ್ತು. ಠಣ್ ಅಂದರೆ ಬಾರಿಸಿದ ಕೈಯೇ ಅಲ್ಲಿಂದ ಹೋಗುವ ಮೊದಲು ಕಾಳು ಹಾಕಬೇಕು. ಹಿರಿಯರು ಕಾಳು ಹಾಕಿದ ಗಡಿಗೆಯನ್ನು ಹೊಸ ಜೋಳ ಬರುವ ತನಕ ಕದಲಿಸುವಂತಿಲ್ಲ. ಅದರ ಒಡತಿ ಅದನ್ನು ಬಿಟ್ಟು ಬೇರೆ ಒಲೆಗೆ ಹೋಗುವಂತಿಲ್ಲ. ಟಿಕೋಟದ ಒಲೆ ಹಿರಿ ನೆಗೆಣ್ಣಿಯದು, ಅವಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಲಿಲ್ಲ, ಈ ಕಟ್ಟಳೆಯಿಂದಲೇ. ಬೇರೆಯವರ ಮನೆಯಲ್ಲಿ ಇಂಥದ್ದು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಇನ್ನು ಖೋಲಿ. ಒಂದೇ ಕಿಟಕಿ, ಗೋಡೆಯಲ್ಲಿ ಮೂರು ಗೂಡು, ಹಿಂದೆ ಇದ್ದವರ ಒಲೆಯ ಹೊಗೆಯಿಂದ ಎದೆಮಟ್ಟ ಕಪ್ಪು. ಗಂಡನಿಗೆ ತನ್ನ ಸಾವುಕಾರನ ಪಡಸಾಲೆಯ ಹಾಗೆ ಮಾಡುವ ಹುಚ್ಚು. ಅಲ್ಲಿ ಸುತ್ತ ದೇವರ ಪಟ, ಕುರ್ಚಿ, ಕಾಗದದ ಹೂವು. ಅಂಗಡಿಯಿಂದ ಹಳೆ ಕ್ಯಾಲೆಂಡರು ತಂದ, ಎಲ್ಲಿಂದಲೋ ಎರಡು ಕುರ್ಚಿ ತಂದ. ಮೊಳೆ ಹೊಡೆಯಲು ಶುರು ಮಾಡಿದ. ಮಣ್ಣಿನ ಗೋಡೆ, ಮೊಳೆಗೊಂದು ಹೆಂಟೆ ಕಿತ್ತು ಬಿತ್ತು. ಕೆಳಗಿನಿಂದ ಮನೆಯೊಡತಿ ಮೇಲೆ ಬಂದಳು.

"ಏನ್ರೀ ಇದು? ನಮ್ಮ ದೇವರ ಜಗಲಿ ಮ್ಯಾಲ ಮಣ್ಣ ಉದರಾಕತ್ತೈತಿ! ಮೊದಲ ಹೇಳಿದ್ನೆಲ್ಲೋ, ಮೊಳಿ ಬ್ಯಾಡ, ಸೆಗಣಿ ನೀರ ಬ್ಯಾಡ ಅಂತ? ನನ್ನ ಅಕ್ಕನ ಮಗಾ ಬಬಲೇಶ್ವರದಿಂದ ಬರಾಂವ ಅದಾನ. ಇದ ಖೋಲಿ ಕೇಳಾಕತ್ತಾನ. ಇರಾಕ ಬರಲಿಲ್ಲಂದ್ರ ಹೇಳ್ರಿ."

ಗಂಡ ಸುತ್ತಿಗೆ ಹಿಂದೆ ಮುಚ್ಚಿಟ್ಟುಕೊಂಡು ನಿಂತ. ನಾನು, "ನಾ ಮುಚ್ಚಿ ಕೊಡ್ತೀನ್ರಿ ಅಕ್ಕಾರ" ಅಂದೆ.

ಮುಚ್ಚಲಿಕ್ಕೆ ನನ್ನ ಹತ್ತಿರ ಇದ್ದದ್ದು ಕೆಮ್ಮಣ್ಣು ಮಾತ್ರ. ಒಲೆಗೆ ಬಳಿಯಲೆಂದು ಕಳ್ಳಕವಟಗಿಯಿಂದ ಅಣ್ಣ ತಂದುಕೊಟ್ಟಿದ್ದ. ಕಪ್ಪು ಗೋಡೆಯಲ್ಲಿ ಅದರ ತೇಪೆ ಹುಣ್ಣಿನ ಹಾಗೆ ಕಂಡಿತು. ಗಂಡನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿರಲಿಲ್ಲ. ತೇಪೆಯನ್ನು ಅತ್ತ ಒಂದು ಮೊಳ ಎಳೆದೆ, ಇತ್ತ ಒಂದು ಮೊಳ ಎಳೆದೆ. ನೀರು ಸೋರಬಾರದು ಅಂತ ರೊಟ್ಟಿಯ ಹಿಟ್ಟಿನ ಹಾಗೆ ಗಟ್ಟಿ ಕಲಸಿ ಅಂಗೈಯಿಂದ ಒತ್ತಿದೆ. ಸಂಜೆಗೆ ಕಿಟಕಿಯ ಕಡೆಯ ಗೋಡೆ ಎದೆಮಟ್ಟ ಕೆಂಪಾಯಿತು, ಬೆರಳ ಗುರುತು ಹಾಗೇ ಉಳಿದವು. ಒರೆಸಲಿಕ್ಕೆ ಕೈ ಎತ್ತಿದವಳು ಬಿಟ್ಟುಬಿಟ್ಟೆ. ಚೆಂದ ಕಂಡವು.

ಗಂಡ ಬಂದು ನೋಡಿದ. "ಇದು ಶಹರ ಐತಿ ಬೇ, ಕೊಟ್ಟಿಗಿ ಅಲ್ಲ."

"ಕೊಟ್ಟಿಗ್ಯಾಗ ಕುರ್ಚಿ ಇರಂಗಿಲ್ಲರಿ."

"ಯವ್ವ ಬಂದು ಏನಂತಾಳ ಗೊತ್ತೈತೇನು? ಮಗಾ ಪ್ಯಾಟ್ಯಾಗಿದ್ದೂ ಸುಧಾರಿಸಲಿಲ್ಲ ಅಂತಾಳ. ಮೋಟಾರ ಹತ್ತಿಸ್ತಾಳ."

"ನನ್ನಲ್ಲ ಹತ್ತಿಸೂದು? ನಿಮಗೇನ ಚಿಂತಿ?"

ಅಂದಿನಿಂದ ಖೋಲಿ ಎರಡು ಪಾಲಾಯಿತು. ಬಾಗಿಲ ಕಡೆ ಅವನದು. ಮನೆಯೊಡತಿ ಬೈದ ಮೇಲೂ ಕಿತ್ತುಹೋಗದ ಮೊಳೆಗಳಿಗೆ ಕ್ಯಾಲೆಂಡರು ತೂಗಿಸಿ, ಕೆಳಗೆ ಕುರ್ಚಿ ಇಟ್ಟ. ಕಿಟಕಿಯ ಕಡೆ ನನ್ನದು. ಒಂದು ಗೂಡಿನಲ್ಲಿ ದೀಪ. ಒಂದರಲ್ಲಿ ಕನ್ನಡಿ ಮತ್ತು ಹಣಿಗೆ. ಮೂರನೆಯದರಲ್ಲಿ ಏನೂ ಇಡಲಿಲ್ಲ. ಅವನು ಅಲ್ಲಿ ಕಾಗದದ ಹೂವು ಇಟ್ಟ, ತೆಗೆದೆ. ಮತ್ತೆ ಇಟ್ಟ, ಒಲೆಗೆ ಹಾಕಿದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ತವರಿನಿಂದ ತಂದ ಗಡಿಗೆಗಳನ್ನು ಒಲೆಯ ಪಕ್ಕ ಅಡಕಲು ಏರಿಸಿದೆ. ಕೆಂಪು ಬಳಿದು ಸುಣ್ಣದಿಂದ ಗೀಟು ಎಳೆದೆ, ಬುಡದ್ದಕ್ಕೆ ಅಗಲ ಗೀಟು, ಮೇಲಿನವಕ್ಕೆ ಸಪೂರ. ಕೆಂಪು ಗೋಡೆಯ ಮುಂದೆ ಅದು ಎದ್ದು ನಿಂತಿತು. ಆದರೆ ಬುಡದ್ದು ಖಾಲಿ. ಜೋಳ ರೇಷನ್ನಿಗೆ ಬಂದಿತ್ತು. ಚೀಟಿಗೆ ಕೊಟ್ಟದ್ದು ಒಂದು ಸಣ್ಣ ಡಬ್ಬಿಗೆ ಸಾಲುತ್ತಿತ್ತು. ಬುಡದ ಗಡಿಗೆ ತೆಗೆದು ನೋಡಿದೆ, ಉಳಿದವು ಬೋಳು ತಲೆಯ ಹಾಗೆ ಕುಳ್ಳಗೆ ಕಂಡವು. ಕಣ್ಣು ಒಪ್ಪಲಿಲ್ಲ. ಖಾಲಿಯದನ್ನೇ ಮತ್ತೆ ಇಟ್ಟೆ.

ಅತ್ತೆ ಬರುವ ಸುದ್ದಿ ಬಂದಾಗ ಗಂಡನಿಗೆ ಅದು ನೆನಪಾಯಿತು. "ಬುಡದ್ದಕ್ಕ ಉಸುಕ ತುಂಬು. ಬಾರಿಸಿದ್ರ ಖಾಲಿ ಅಂತ ಗೊತ್ತಾಗಬಾರದು."

"ಕಾಳಿನ ಗಡಗ್ಯಾಗ ಉಸುಕ ಹಾಕಂಗಿಲ್ಲ."

"ಹಂಗಾರ ಮೋಟಾರ ಹತ್ತು."

ಉಸುಕು ಹಾಕಲಿಲ್ಲ. ಆದರೆ ಹೆದರಿಕೆ ಇತ್ತು. ಅಡಕಲಿನಿಂದ ದೂರ, ಕಿಟಕಿಯ ಕೆಳಗೆ ಕಂಬಳಿ ಹಾಸಿದೆ. ಅಲ್ಲಿ ಕೂಡಿಸಿ, ಅಲ್ಲೇ ಉಣಿಸಿ, ಅಲ್ಲಿಂದಲೇ ಎಬ್ಬಿಸಿ ಕಳಿಸುವ ಲೆಕ್ಕ. ಖಾಲಿ ಗಡಿಗೆ ಸಿಕ್ಕರೆ ಮರ್ಯಾದೆ ಹೋಯಿತು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಕಟ್ಟಳೆಯ ಉಳಿದ ಅರ್ಧ ನೆನಪಿಗೇ ಬರಲಿಲ್ಲ.

ಆಗ ಪೆಟ್ರೋಲ್ ಇಲ್ಲ, ಮೋಟಾರು ಬಸ್ಸು ಇದ್ದಿಲಿನ ಹೊಗೆಯ ಮೇಲೆ ಓಡುತ್ತಿತ್ತು. ಅತ್ತೆ ಮುಖಕ್ಕೆಲ್ಲ ಮಸಿ ಹತ್ತಿಸಿಕೊಂಡು ಬಂದಳು, ಕೈಯಲ್ಲಿ ಒಂದು ಗಂಟು. ಸಿದ್ಧೇಶ್ವರನ ಗುಡಿಗೆ ಅಂತ ಹೊಲದ ಜೋಳ, ಒಂದು ಕಾಯಿ. ಹಿಂದೆಯೇ ಮನೆಯೊಡತಿಯೂ ಮೆಟ್ಟಿಲು ಹತ್ತಿದಳು.

"ಯವ್ವಾ, ಕುರ್ಚಿ ಮ್ಯಾಲ ಕೂಡು" ಅಂದ ಗಂಡ.

"ಯಾಕಲೇ, ನಾ ಏನ್ ಹಜಾಮತಿ ಮಾಡಿಸ್ಕೊಳಾಕ ಬಂದೀನೇನ?" ಅತ್ತೆ ನಿಂತೇ ಕ್ಯಾಲೆಂಡರುಗಳನ್ನು ನೋಡಿದಳು. "ಇವರೆಲ್ಲಾ ಯಾರು?"

"ದೇವರು."

"ಇಷ್ಟ್ ಮಂದಿಗೆ ನೈವೇದ್ಯ ಯಾರ ಮಾಡ್ತಾರ?"

ನನ್ನ ಗೋಡೆಯ ಕಡೆ ತಿರುಗಿದಳು. ಬೆರಳ ಗುರುತುಗಳ ಮೇಲೆ ಕೈಯಾಡಿಸಿದಳು. "ಇಲ್ಲಿ ಎಮ್ಮಿ ಮೈ ತಿಕ್ಕೈತೇನ್ ಬೇ?"

"ನಾನ ಬಳದೀನ್ರಿ ಅತ್ತಿ."

"ಈ ಗೂಡಾಗ ಏನೂ ಇಲ್ಲಲ್ಲ?"

"ಬೇಕಂತನ ಬಿಟ್ಟೀನ್ರಿ. ಕಣ್ಣಿಗೆ ಕೂಡಾಕ ಒಂದೀಟು ಜಾಗಾ ಇರಲಿ ಅಂತ."

ಜ್ವರ ಬಂದಿದೆಯೋ ಅನ್ನುವ ಹಾಗೆ ನನ್ನ ಮುಖ ನೋಡಿದಳು. ಆಗ ಮನೆಯೊಡತಿ ಬಾಯಿ ಹಾಕಿದಳು. "ಕುರ್ಚಿ ಮ್ಯಾಲ ಕೂಡ್ರಿ ಅವ್ವಾರ, ಅಂಜಬ್ಯಾಡ್ರಿ. ಗಟ್ಟಿ ಅದಾವು. ಕಾಖಂಡಕಿ ನಮ್ಮ ತವರಿನವು. ನಿಮ್ಮ ಮಗಾ ನೀವು ಬಂದು ಹೋಗೂತನಾ ಇರಲಿ ಅಂತ ಕೇಳ್ಯಾನ, ಕೊಟ್ಟೀನಿ."

ಅದು ನನಗೂ ಆಗಲೇ ಗೊತ್ತಾದದ್ದು. ಇಷ್ಟು ದಿನ ಇದ್ದ ಕುರ್ಚಿ, ನಾನು ಸ್ವಂತದ್ದು ಅಂತ ತಿಳಿದಿದ್ದೆ. ಅತ್ತೆ ಮಗನನ್ನು ನೋಡಿದಳು.

"ಕುರ್ಚಿ ತಗೊಂಡೀನಿ ಅಂತ ಊರಿಗೆ ಬಂದಾಗ ಹೇಳಿದ್ದಿ."

ಗಂಡ ಒಂದು ಕ್ಯಾಲೆಂಡರು ನೆಟ್ಟಗೆ ಮಾಡಲು ಹೋದ.

"ಇದು ಮನೀನೂ ಅಲ್ಲ, ಖೋಲೀನೂ ಅಲ್ಲ. ಅರ್ಧ ಇಸಗೊಂಡ ಬಂದದ್ದು, ಅರ್ಧ ಎಮ್ಮಿ ತಿಕ್ಕಿದ್ದು." ನನ್ನ ಕಡೆ ತಿರುಗಿದಳು. "ಬಟ್ಟಿ ಗಂಟ ಕಟ್ಟು ಬೇ. ಗುಡಿಗೆ ಹೋಗಿ ಬಂದು ಮಧ್ಯಾನದ ಮೋಟಾರಿಗೆ ಹೋಗೂಣು."

ಮುಗಿಯಿತು. ಎದುರು ಮಾತಾಡುವ ರೂಢಿ ನಮಗಿರಲಿಲ್ಲ. ಟ್ರಂಕು ಎಳೆದೆ. ಬಾಗಿಲಲ್ಲಿ ನಿಂತ ಮನೆಯೊಡತಿ ಸೂರು ನೋಡುತ್ತಿದ್ದಳು, ಅಕ್ಕನ ಮಗನ ಕೂಸಿನ ತೊಟ್ಟಿಲು ಎಲ್ಲಿ ಕಟ್ಟಲಿ ಅನ್ನುವ ಹಾಗೆ. ಅತ್ತೆ ಕೈಕಾಲು ತೊಳೆಯಲು ನೀರಿನ ಹಂಡೆಯ ಕಡೆ ನಡೆದಳು. ಹಂಡೆ ಒಲೆಯ ಆಚೆ. ಅಡಕಲಿನ ಪಕ್ಕ ಹಾಯ್ದಳು. ಕೈ ತನ್ನಷ್ಟಕ್ಕೆ ತಾನೇ ಹೋಯಿತು.

ಠಣ್.

ಅತ್ತೆ ನಿಂತಳು. ಕೈ ಗಡಿಗೆಯ ಮೇಲೇ ಇತ್ತು.

"ಇಷ್ಟ ಚೆಂದ ಗೀಟ ಎಳದೀ, ಒಳಗ ಗಾಳಿ ತುಂಬೀಯೇನ್ ಬೇ?"

"ರೇಷನ್ ಜ್ವಾಳ ಇಷ್ಟ ಅದಾವ್ರಿ, ಡಬ್ಬ್ಯಾಗ. ಇದು ಖಾಲೀನ ಐತಿ."

"ನಾ ಉಸುಕ ತುಂಬು ಅಂದಿದ್ದೆ ಯವ್ವಾ" ಅಂದ ಗಂಡ. ನನ್ನ ತಪ್ಪು ತೋರಿಸಲು ಹೋಗಿ ಅಂದ.

"ಏನಂದಿ? ಉಸುಕ? ಉಸುಕ ತಿಂದ ಬೆಳದೀಯೇನಲೇ ನೀ?"

ಮನೆಯೊಡತಿ ಅವಸರ ಮಾಡಿದಳು. "ಖಾಲಿ ಗಡಗಿ ಏನ್ ನೋಡ್ತೀರ್ರಿ ಅವ್ವಾರ, ನಡೀರಿ. ಮೋಟಾರ ತಪ್ಪತೈತಿ."

"ಬಾರಿಸಿಬಿಟ್ಟೀನಲ್ಲ ಯವ್ವಾ" ಅಂದಳು ಅತ್ತೆ. ದನಿ ಇಳಿದಿತ್ತು. ಆಗ ನನಗೆ ಕಟ್ಟಳೆಯ ಉಳಿದ ಅರ್ಧ ನೆನಪಾಯಿತು. ಟ್ರಂಕಿನ ಮೇಲಿಟ್ಟ ಕೈ ಹಾಗೇ ಬಿಟ್ಟೆ.

ಅತ್ತೆ ಅದನ್ನು ಹಾಗೇ ಬಿಟ್ಟು ಹೋಗಬಹುದಿತ್ತು. ನಾವಿಬ್ಬರೇ ಮನೆಯವರು, ನಾವು ಯಾರಿಗೆ ಹೇಳುತ್ತಿದ್ದೆವು? ಒಂದು ಸಲ ಬಾಗಿಲ ಕಡೆ ನೋಡಿದಳು ಕೂಡ. ಆಮೇಲೆ ಗಂಟು ತೆಗೆದುಕೊಂಡು ಬಂದು ಗಡಿಗೆಯ ಮುಂದೆ ಕುಕ್ಕರಿಸಿದಳು.

"ಮ್ಯಾಲಿನವು ಇಳಿಸು."

ಒಂದೊಂದಾಗಿ ಇಳಿಸಿದೆ. ಸಿದ್ಧೇಶ್ವರನಿಗೆ ತಂದ ಜೋಳವನ್ನೆಲ್ಲ ಸುರಿದಳು. ಬುಡ ಮುಚ್ಚುವಷ್ಟೂ ಆಗಲಿಲ್ಲ, ಆದರೆ ಹಾಕಿದ್ದು ಹಾಕಿದ್ದೇ. ಎದ್ದು ಸೆರಗು ಝಾಡಿಸಿದಳು. ಮುಖ ಹುಳಿ ತಿಂದವರ ಹಾಗಿತ್ತು.

"ಹೊಸಾ ಜ್ವಾಳ ಬರೂತನಾ ಈ ಗಡಗಿ ಕದಲಂಗಿಲ್ಲ. ನೀನೂ. ಸುಗ್ಗಿ ಆಗ್ಲಿ, ಆಮ್ಯಾಲ ನೋಡ್ತೀನಿ ನಿನ್ನ."

ಬರೀ ಕಾಯಿ ಹಿಡಿದು ಗುಡಿಗೆ ಹೋದಳು. ಅಲ್ಲಿಂದ ಒಬ್ಬಳೇ ಮೋಟಾರು ಹತ್ತಿದಳು. ನನ್ನನ್ನು ಉಳಿಸಲಿಕ್ಕೆ ಬೇಕೆಂದೇ ಬಾರಿಸಿದಳು ಅಂತ ಒಬ್ಬ ಮೊಮ್ಮಗಳು ವಾದ ಮಾಡುತ್ತಾಳೆ. ಇಲ್ಲ. ಆ ಮುಖ ನೋಡಿದವಳು ನಾನು.

ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಎರಡೂ ಕುರ್ಚಿಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ಕೆಳಗಿಳಿಸಿ ಮನೆಯೊಡತಿಯ ಪಡಸಾಲೆಯಲ್ಲಿಟ್ಟೆ. ಮೇಲೆ ಬಂದು ಕ್ಯಾಲೆಂಡರು ಇಳಿಸಿದೆ, ಮೊಳೆ ಕಿತ್ತೆ, ಕೆಮ್ಮಣ್ಣು ಕಲಸಿ ಆ ಗೋಡೆಗೂ ಒತ್ತಲು ಶುರು ಮಾಡಿದೆ. ಗಂಡ ಎದ್ದು, "ನಾ ಎಲ್ಲಿ ಕೂಡಲಿ?" ಅಂದ. ಮಣ್ಣುಗೈಯಿಂದಲೇ ಕಂಬಳಿ ತೋರಿಸಿದೆ.