ಕೊನೆ ಕೋಟಿನ ಕೈ

ನನ್ನ ಅತ್ತೆಗೆ ಕಣ್ಣಿನ ಮೇಲೆ ನಂಬಿಕೆ ಇಲ್ಲ. ಕಣ್ಣು ಹೊಳಪಿಗೆ ಮರುಳಾಗುತ್ತದೆ, ಕೈ ಆಗುವುದಿಲ್ಲ ಎನ್ನುವುದು ಅವರ ಮಾತು. ನಾನು ಮದುವೆಯಾಗಿ ಬಂದ ಮೂರನೇ ದಿನ, ಒರೆಸಿಟ್ಟ ಮೇಜಿನ ಮೇಲೆ ಬೆರಳ ಹಿಂಭಾಗ ಆಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸಿ, "ಇಲ್ಲೇನೋ ಒಣಗಿ ಅಂಟಿದೆ ನೋಡಮ್ಮ" ಎಂದರು. ನನಗೆ ಮೈಯೆಲ್ಲ ಉರಿಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ಕಾಲ ಬರಲಿ, ತೋರಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡೆ. ಹನ್ನೊಂದು ವರ್ಷವಾಯಿತು, ನನ್ನ ಕಾಲ ಇನ್ನೂ ಬಂದಿಲ್ಲ. ಆದರೆ ಈ ಹೆಂಗಸಿನ ಕೈಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುವವಳು ಈಗ ನಾನೇ.

ನಮ್ಮದು ಬಣ್ಣ ಹಚ್ಚುವವರ ಮನೆ. ಗೋಡೆಗೆ ಬಳಿಯುವವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಅದಲ್ಲ. ನಮ್ಮದು ಮನೆಯೊಳಗಿನ ಮರದ ಕೆಲಸ: ಬಾಗಿಲು, ಚೌಕಟ್ಟು, ಗೋಡೆಯ ಬುಡದ ಪಟ್ಟಿ, ಅಡುಗೆಮನೆಯ ಕಪಾಟು. ಮಾವ ಅದರಲ್ಲಿ ಹೆಸರು ಮಾಡಿದವರು. ಮಾವನ ತಮ್ಮ, ಎಂದರೆ ನನ್ನ ಚಿಕ್ಕಮಾವ, ಕೆಲಸ ಹಿಡಿದು ತರುವ ಮೇಸ್ತ್ರಿ. ಅತ್ತೆಯದೂ ನನ್ನದೂ ಉಜ್ಜುವ ಕೆಲಸ. ಈ ಕಸುಬಿನಲ್ಲಿ ಒಂದು ಕಟ್ಟಳೆ ಇದೆ, ಯಾವ ಪುಣ್ಯಾತ್ಮ ಮಾಡಿದನೋ ಗೊತ್ತಿಲ್ಲ: ಹೆಂಗಸರು ಉಜ್ಜಬೇಕು, ಗಂಡಸರು ಬ್ರಷ್ ಹಿಡಿಯಬೇಕು.

ಉಜ್ಜುವುದೆಂದರೆ ಏನೆಂದುಕೊಂಡಿರಿ? ಮೊದಲು ಎಣ್ಣೆ ಜಿಡ್ಡು ತೊಳೆಯಬೇಕು. ಮೊಳೆಯ ತೂತು, ಗೀರು, ಸಂದಿ ಎಲ್ಲಕ್ಕೂ ಪುಟ್ಟಿ ತುಂಬಬೇಕು. ಒಣಗಿದ ಮೇಲೆ ಮರದ ಎಳೆ ಹೋದ ದಿಕ್ಕಿಗೇ ಸ್ಯಾಂಡ್ ಪೇಪರ್ ಆಡಿಸಬೇಕು, ಒದ್ದೆ ಬಟ್ಟೆಯಲ್ಲಿ ಹುಡಿ ತೆಗೆಯಬೇಕು. ಪ್ರೈಮರ್ ಬಿದ್ದ ಮೇಲೆ ಮತ್ತೆ ಉಜ್ಜು. ಮೊದಲ ಸುತ್ತಿನ ಬಣ್ಣ, ಎಂದರೆ ಮೊದಲ ಕೋಟು, ಆದ ಮೇಲೆ ಇನ್ನೂ ನಯವಾದ ಪೇಪರ್ ಹಿಡಿದು ಮತ್ತೆ ಉಜ್ಜು. ಬೆರಳ ತುದಿಯ ಗೆರೆಗಳು ಸವೆದು ಹೋಗುತ್ತವೆ. ಉಜ್ಜಿದ್ದೇ ಮುಕ್ಕಾಲು ಕೆಲಸ ಎಂದು ಎಲ್ಲ ಮೇಸ್ತ್ರಿಗಳೂ ಹೇಳುತ್ತಾರೆ, ಹೊಗಳಿಕೆ ಮಾತ್ರ ಬ್ರಷ್ ಹಿಡಿದವನಿಗೆ ಹೋಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಮ್ಮಲ್ಲಿ ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ಮಾವನ ಕೊನೆಯ ನಾಲ್ಕೈದು ವರ್ಷ ಅವರ ಬಲಗೈ ನಡುಗುತ್ತಿತ್ತು. ಲೋಟ ತುಟಿಗೆ ಮುಟ್ಟುವಷ್ಟರಲ್ಲಿ ಅರ್ಧ ನೀರು ಅಂಗಿಗೆ ಬೀಳುತ್ತಿತ್ತು. ಅಂಥ ಕೈಯಲ್ಲಿ ಕೊನೆ ಕೋಟು ಹಚ್ಚುವುದುಂಟೆ? ಆದರೆ ಕೊನೆ ಕೋಟಿಗೆ ಬಾಗಿಲು ಕಿಟಕಿ ಹಾಕಿ, ಫ್ಯಾನ್ ಆರಿಸಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಬೇಕು. ಒಳಗೆ ಓಡಾಡುವ ಜನ ಇರಬಾರದು. ಹಾಗಾಗಿ ಗಂಡ ಹೆಂಡತಿ ಇಬ್ಬರೇ ಒಳಗೆ ಹೋಗುತ್ತಿದ್ದರು. ಹೊರಗೆ ಬಾಗಿಲ ಸಂದಿಗೆ ಒದ್ದೆ ಬಟ್ಟೆ ಒತ್ತಿ ಕಾವಲು ನಿಲ್ಲುವವಳು ನಾನು. ಒಳಗೆ ಮಾವ ಸ್ಟೂಲಿನ ಮೇಲೆ ಕೂತಿರುತ್ತಿದ್ದರು, ಬ್ರಷ್ ಅತ್ತೆಯ ಕೈಯಲ್ಲಿರುತ್ತಿತ್ತು. ಕೆಲಸ ಮುಗಿದು ಬಾಗಿಲು ತೆರೆಯುವ ಮುಂಚೆ ಬ್ರಷ್ ಮಾವನ ಕೈಗೆ ಬರುತ್ತಿತ್ತು. ಮನೆಯವರು "ಆಹಾ, ಏನು ಕೈ ನಿಮ್ದು!" ಎಂದರೆ ಮಾವ ತಲೆ ತಗ್ಗಿಸುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು.

ಚಿಕ್ಕಮಾವನಿಗೆ ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಗೊತ್ತಾಗದಷ್ಟು ದೂರದಲ್ಲಿ ನಿಲ್ಲುವುದು ಅವರಿಗೆ ಚೆನ್ನಾಗಿ ಗೊತ್ತು. ಮಾವ ತೀರಿಕೊಂಡ ಮೇಲೆ ಅವರೇ ಕೊನೆ ಕೋಟಿಗೆ ನಿಂತರು, ಅತ್ತೆಯ ಕೈಗೆ ಮತ್ತೆ ಸ್ಯಾಂಡ್ ಪೇಪರ್ ಬಂತು. ಒಂದು ಸಲ ಅತ್ತೆ ಬಾಯಿ ಬಿಟ್ಟು ಬ್ರಷ್ ಕೇಳಿದರು. "ಅತ್ತಿಗೆ, ಅಣ್ಣನ ಕೈ ಎಲ್ಲಿ, ನಿಮ್ಮ ಕೈ ಎಲ್ಲಿ. ಯಾಕೆ ಸುಮ್ನೆ ನಗೆಪಾಟಲು?" ಎಂದು ನಕ್ಕರು. ಆ ಸಂಜೆ ನಾನು ಅತ್ತೆಯ ಮೇಲೆ ಹರಿಹಾಯ್ದೆ.

"ಹೇಳ್ಬಿಡೋಕೆ ಏನಾಗಿತ್ತು? ಅಣ್ಣನ ಕೈ ಅಂತ ಕುಣಿದಾಡ್ತಾರಲ್ಲ, ಆ ಕೈ ನಂದೇ ಅನ್ನೋಕೆ ಬಾಯಲ್ಲಿ ಏನು ಪುಟ್ಟಿ ತುಂಬಿತ್ತಾ?"

"ಹೋದೋರ ಹೆಸರು ಕೆಡಿಸ್ಲಾ?" ಎಂದರು ಅತ್ತೆ.

ಅವರ ಮಾತು ಸರಿಯೇ ಇತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇದಾಗಿ ನಾಲ್ಕು ವರ್ಷಕ್ಕೆ ಹಲ್ಲಿನ ಡಾಕ್ಟರಮ್ಮನ ಮನೆಯಿಂದ ಕರೆ ಬಂತು. ಊರಿನ ಅರ್ಧ ಜನ ಆಕೆಯ ಮುಂದೆ ಬಾಯಿ ತೆರೆದು ಕೂತವರು. ಮಾವ ಇದ್ದಾಗ ಆಕೆಯ ಮಲಗುವ ಕೋಣೆಯ ಗೋಡೆಯುದ್ದದ ಬಟ್ಟೆ ಕಪಾಟಿಗೆ ನಾವೇ ಬಣ್ಣ ಹಚ್ಚಿದ್ದೆವು. ಈಗ ಹೊಸ ಅಡುಗೆಮನೆ ಮಾಡಿಸಿದ್ದರು, ಕಪಾಟುಗಳಿಗೆ ಮೂವತ್ತನಾಲ್ಕು ಬಾಗಿಲು. "ನನಗೆ ಅದೇ ಕೈ ಬೇಕು ಮೇಸ್ತ್ರಿ" ಎಂದರು ಡಾಕ್ಟರಮ್ಮ. "ಆ ಕೈ ಹೋಯ್ತು ಡಾಕ್ಟ್ರೇ, ಆದ್ರೆ ರಕ್ತ ಒಂದೇ. ನಾನಿದೀನಿ" ಎಂದು ಚಿಕ್ಕಮಾವ ಎದೆ ತಟ್ಟಿಕೊಂಡರು. ನಾನು ಪಕ್ಕಕ್ಕೆ ತಿರುಗಿ ಅತ್ತೆಯ ಮುಖ ನೋಡಿದೆ. ಅವರು ಹೊಸ ಕಪಾಟಿನ ಬಾಗಿಲ ಮೇಲೆ ಕೈ ಆಡಿಸುತ್ತಿದ್ದರು.

ನಾವಿಬ್ಬರೂ ಹನ್ನೆರಡು ದಿನ ಉಜ್ಜಿದೆವು. ಹೆಂಗಸರ ಮುಕ್ಕಾಲು ಕೆಲಸ ಚೊಕ್ಕವಾಗಿ ಮುಗಿಯಿತು. ಆಮೇಲೆ ಗಂಡಸರ ಕಾಲು ಭಾಗ ಶುರುವಾಯಿತು. ಬಾಗಿಲುಗಳನ್ನು ಬಿಚ್ಚಿ ಮಲಗಿಸಿಕೊಂಡು ಹಚ್ಚು ಎಂದರು ಅತ್ತೆ. ಚಿಕ್ಕಮಾವ ಅವು ನೇತಾಡಿದ ಹಾಗೇ ಹಚ್ಚಿದರು. ಬಣ್ಣವನ್ನು ಬಟ್ಟೆಯಲ್ಲಿ ಸೋಸು ಎಂದರು. ಡಬ್ಬಿಯಿಂದ ನೇರ ತೆಗೆದರು. ತೆಳ್ಳಗೆ ಎರಡು ಸಲ ಎಂದರೆ ದಪ್ಪಗೆ ಒಂದು ಸಲ ಬಳಿದರು. ಸೆಖೆ ಎಂದು ಕಿಟಕಿ ತೆಗೆದರು, ಪಕ್ಕದ ಸೈಟಿನಲ್ಲಿ ಕಲ್ಲು ಕೊಯ್ಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ತಪ್ಪು, ಅರ್ಧ ಒಣಗಿದ ಕಡೆಗೆ ಮತ್ತೆ ಬ್ರಷ್ ತೆಗೆದುಕೊಂಡು ಹೋದದ್ದು. ಹೆಪ್ಪು ಹಾಕಿದ ಹಾಲನ್ನು ಕಲಕಿದ ಹಾಗೆ ಅದು, ಆಮೇಲೆ ಏನು ಮಾಡಿದರೂ ಕೂಡಿಕೊಳ್ಳುವುದಿಲ್ಲ.

ಮೂರನೇ ದಿನ ಡಾಕ್ಟರಮ್ಮ ನೋಡಲು ಬಂದರು. ದೂರದಿಂದ ಎಲ್ಲ ಫಳಫಳ ಹೊಳೆಯುತ್ತಿತ್ತು. ಹತ್ತಿರ ಹೋದರೆ ಬಾಗಿಲ ಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆ, ಕೆಳಗಡೆ ಮಕ್ಕಳ ಮೂಗು ಸುರಿದ ಹಾಗೆ ಬಣ್ಣ ಇಳಿದಿತ್ತು, ನಡುವೆ ರವೆ ಎರಚಿದ ಹಾಗೆ ಧೂಳು. ಆಕೆ ಒಂದು ಕುರ್ಚಿ ಹತ್ತಿ, ಬ್ಯಾಗಿನಿಂದ ಬಾಯೊಳಗೆ ಇಟ್ಟು ನೋಡುವ ಪುಟ್ಟ ಕನ್ನಡಿ ತೆಗೆದು, ಬಾಗಿಲಿನ ಮೇಲಂಚಿಗೆ ಹಿಡಿದರು.

"ಇಲ್ಲಿ ಬಣ್ಣವೇ ಇಲ್ವಲ್ರೀ. ಬರೀ ಮರ."

"ಬಣ್ಣ ಈ ಸಲ ಯಾಕೋ ಸರಿ ಇಲ್ಲ ಡಾಕ್ಟ್ರೇ, ಬ್ರಷ್ಷೂ ಹೊಸದು" ಎಂದರು ಚಿಕ್ಕಮಾವ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. "ಇನ್ನು ಮೇಲಂಚು ನಾವು ಹಚ್ಚೋದೇ ಇಲ್ಲ. ಹಲ್ಲಿ ಓಡಾಡೋ ಜಾಗಕ್ಕೆ ಯಾಕೆ ಸಿಂಗಾರ ಅಂತಿದ್ದ ನಮ್ಮಣ್ಣ. ನಲವತ್ತು ವರ್ಷ ಬ್ರಷ್ ಹಿಡಿದ, ಒಂದು ದಿನ ಮೇಲಂಚು ಮುಟ್ಟಿದವನಲ್ಲ. ನಮ್ಮ ಮನೆತನದ ಪದ್ಧತಿ ಅದು."

"ಪದ್ಧತಿ ನಿಮ್ಮನೇಲಿ ಇಟ್ಕೊಳ್ಳಿ. ಇದನ್ನೆಲ್ಲ ಕೆರೆದು ಹಾಕ್ಸಿ ಮಿಷನ್ನಲ್ಲಿ ಸ್ಪ್ರೇ ಮಾಡೋರನ್ನ ಕರೀತೀನಿ. ನಿಮ್ಮಣ್ಣನ ಜೊತೆಗೇ ಆ ಕೈನೂ ಹೋಯ್ತು ಅಂದ್ಕೋತೀನಿ."

ಆಗ ಅತ್ತೆ ಕೈಯಲ್ಲಿದ್ದ ಪೇಪರ್ ಕೆಳಗಿಟ್ಟರು. ಗಂಡನ ಹೆಸರು ಒಂದು ಕಡೆ, ತಮ್ಮ ಕೈ ಒಂದು ಕಡೆ. ಇವತ್ತು ಬಾಯಿ ಬಿಡದಿದ್ದರೆ ಇನ್ನು ಸಾಯುವ ತನಕ ಉಜ್ಜುವುದೇ ಗತಿ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೇಳಿ ಅತ್ತೆ, ಹೇಳಿಬಿಡಿ ಎಂದು ಮನಸ್ಸಿನಲ್ಲೇ ಕೂಗಿದೆ.

"ಡಾಕ್ಟ್ರಮ್ಮಾ, ಮಲಗೋ ಕೋಣೆ ಕಪಾಟಿನ ಮೇಲಂಚಿಗೂ ಆ ಕನ್ನಡಿ ಹಿಡಿದು ನೋಡಿ" ಎಂದರು ಅತ್ತೆ.

ಎಲ್ಲರೂ ಹಿಂದೆ ಹೋದೆವು. ಡಾಕ್ಟರಮ್ಮ ಕನ್ನಡಿ ಹಿಡಿದರು, ಆಮೇಲೆ ಕನ್ನಡಿ ಪಕ್ಕಕ್ಕಿಟ್ಟು ಬೆರಳಲ್ಲೇ ಸವರಿದರು. ಒಂದು ಬಾಗಿಲು, ಎರಡು ಬಾಗಿಲು, ಕೊನೆಯ ಬಾಗಿಲು. ಮೇಲಂಚು ಎದುರಿನ ಹಲಗೆಯಷ್ಟೇ ನುಣ್ಣಗಿತ್ತು.

"ನಿಮ್ಮಣ್ಣ ಒಂದು ದಿನ ಮುಟ್ಟಿಲ್ಲ ಅಂದ್ರಲ್ಲ ಮೇಸ್ತ್ರಿ," ಆಕೆ ನಿಧಾನವಾಗಿ ಕೇಳಿದರು, "ಹಾಗಾದ್ರೆ ಇದು ಯಾರ ಕೈ?"

"ನಂದು" ಎಂದರು ಅತ್ತೆ. "ಅವರ ಕೈ ನಡುಗ್ತಿತ್ತು. ಐದು ವರ್ಷ ಕೊನೆ ಕೋಟೆಲ್ಲ ನಂದೇ. ಅವರು ಕೂತ್ಕೊಂಡು ಹೇಳ್ತಿದ್ರು, ನಾನು ಹಚ್ತಿದ್ದೆ. ಮೇಲಂಚು ಬೇಡ ಅಂತ ಅವರು ಬಯ್ಯೋರು. ಆ ಒಂದು ಮಾತು ಮಾತ್ರ ನಾನು ಕೇಳ್ಲಿಲ್ಲ."

ಚಿಕ್ಕಮಾವನ ಮುಖ ಕಪ್ಪಿಟ್ಟಿತು. ಹತ್ತಿರ ಬಂದು ಹಲ್ಲು ಕಡಿಯುತ್ತಾ, "ಅತ್ತಿಗೆ, ಹೊರಗಿನೋರ ಮುಂದೆ ಹೀಗೆ ಕೈ ಕೊಡ್ತೀರಾ?" ಎಂದರು.

"ಇಷ್ಟು ವರ್ಷ ಕೊಟ್ಟಿದ್ದೂ ಅದನ್ನೇ ಅಲ್ವೇನಪ್ಪಾ?"

ನನಗೆ ನಗು ತಡೆಯಲಾಗಲಿಲ್ಲ. ತಡೆಯುವ ಮನಸ್ಸೂ ಇರಲಿಲ್ಲ. ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಒಂದು ಬಾಗಿಲು ಮಾಡಿ ತೋರ್ಸಿ. ಸರಿ ಬಂದ್ರೆ ಮೂವತ್ತನಾಲ್ಕೂ ನಿಮ್ದು" ಎಂದರು.

ಅತ್ತೆ ಒಂದು ಬಾಗಿಲು ಬಿಚ್ಚಿಸಿ, ಚಿಕ್ಕಮಾವ ಹಚ್ಚಿದ್ದನ್ನು ಅವರ ಕೈಯಲ್ಲೇ ಕೆರೆಸಿದರು. ನಾನೇನೂ ಸುಳ್ಳು ಹೇಳುತ್ತಿಲ್ಲ, ಮೇಸ್ತ್ರಿ ಕೂತು ಉಜ್ಜಿದರು. ಅತ್ತೆ ಹಿಂದೆ ನಿಂತು ಬೆರಳ ಹಿಂಭಾಗ ಆಡಿಸಿ, "ಇಲ್ಲಿ ಇನ್ನೂ ಇದೆ, ಇಲ್ಲಿ" ಎನ್ನುತ್ತಿದ್ದರು. ಪ್ರೈಮರ್ ಆಗಿ, ಮೊದಲ ಕೋಟಾಗಿ, ಒಂದೊಂದಕ್ಕೂ ಒಂದೊಂದು ದಿನ ಬಿಟ್ಟು, ಕೊನೆ ಕೋಟಿನ ದಿನ ಬಂತು. ನಾನು ಅಭ್ಯಾಸದಂತೆ ಒದ್ದೆ ಬಟ್ಟೆ ಹಿಡಿದು ಹೊರಗೆ ನಿಂತೆ. ಅತ್ತೆ ತಡೆದರು.

"ಬಾಗಿಲು ಹಾಕ್ಲೇಬೇಕು, ಧೂಳು. ಆದ್ರೆ ಎಲ್ರೂ ಒಳಗೇ ಇರಿ. ಅಲ್ಲಾಡಬೇಡಿ, ಅಷ್ಟೇ. ಇವತ್ತು ನೋಡೋರು ನೋಡ್ಲಿ."

ಫ್ಯಾನ್ ಆರಿಸಿದ ಆ ಅಡುಗೆಮನೆಯಲ್ಲಿ ನಾನು, ಡಾಕ್ಟರಮ್ಮ, ಚಿಕ್ಕಮಾವ ಗೋಡೆಗೆ ಬೆನ್ನು ಕೊಟ್ಟು ನಿಂತೆವು. ಚಿಕ್ಕಮಾವನ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಿದರೆ ಅತ್ತೆಯ ಕಣ್ಣು. ಅತ್ತೆ ಸೋಸಿದ ಬಣ್ಣಕ್ಕೆ ಬ್ರಷ್ಷಿನ ಮೂರನೇ ಒಂದು ಭಾಗ ಮಾತ್ರ ಅದ್ದಿದರು. ಹಲಗೆಯ ಮೇಲೆ ಬಣ್ಣವನ್ನು ಹರಡಿದರು. ಆಮೇಲೆ ಬ್ರಷ್ಷಿಗೆ ಭಾರವೇ ಕೊಡದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿಗೆ ಎಳೆದರು. ಪಕ್ಕದಲ್ಲಿ ಇನ್ನೊಂದು ಎಳೆತ. ಅವರ ತುಟಿ ಬಿಗಿದಿತ್ತು. ಎಳೆದ ಗೆರೆಗಳು ನೋಡುತ್ತಿದ್ದ ಹಾಗೇ ಕೂಡಿಕೊಂಡು ಮಾಯವಾದವು. ಒಮ್ಮೆ ಬಿಟ್ಟ ಜಾಗಕ್ಕೆ ಅವರು ಮತ್ತೆ ಹೋಗಲೇ ಇಲ್ಲ. ನನಗೆ ಯಾಕೋ ಅಳು ಬಂತು. ಅಲ್ಲಾಡಬಾರದೆಂದು ಅದನ್ನೂ ನುಂಗಿಕೊಂಡೆ.

ಎರಡು ದಿನ ಬಿಟ್ಟು ಡಾಕ್ಟರಮ್ಮ ಕಣ್ಣು ಮುಚ್ಚಿ ಆ ಬಾಗಿಲು ಸವರಿದರು. "ಉಳಿದದ್ದು ಶುರು ಮಾಡಿ" ಎಂದರು. ಮುಗಿಯುವ ಹೊತ್ತಿಗೆ ಅವರ ಸ್ನೇಹಿತರೊಬ್ಬರು ಬಂದು ನೋಡಿ, ತಮ್ಮ ಮನೆಗೂ ಬರಬೇಕೆಂದು ಚಿಕ್ಕಮಾವನಿಗೆ ವಿಳಾಸ ಕೊಟ್ಟು ಹೋದರು.

ಆ ಸಂಜೆ ಚಿಕ್ಕಮಾವ ನಮ್ಮ ಮನೆಗೆ ಬಂದರು. ಇಷ್ಟು ದಿನ ನೆಟ್ಟಗೆ ಮಾತಾಡದವರು ನೀರು ಕೇಳಿ ಕುಡಿದು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಶುರು ಮಾಡಿದರು.

"ಅತ್ತಿಗೆ, ಇನ್ಮೇಲೆ ಕೊನೆ ಕೋಟೆಲ್ಲ ನಿಮ್ದೇ. ನಾನು ಅಡ್ಡ ಬರಲ್ಲ. ಆದ್ರೆ ಒಂದು ಮಾತು. ಹೊರಗಡೆ ಮಾತ್ರ ನನ್ನ ಕೈ ಅಂತಾನೇ ಇರ್ಲಿ. ಜನ ಮೇಸ್ತ್ರಿ ಹೆಸರು ನೋಡಿ ಕೆಲಸ ಕೊಡ್ತಾರೆ. ಅಣ್ಣನ ಕಾಲದಲ್ಲೂ ಹಾಗೇ ತಾನೆ ನಡೆದಿದ್ದು?"

ನಾನು ಬಾಯಿ ತೆರೆದೆ. ಅತ್ತೆ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು.

"ನಡೀತಿತ್ತು ಕಣಪ್ಪ. ನಿಮ್ಮಣ್ಣ ನನ್ನ ಕೈ ಹಿಡಿದೋರು. ಹಿಡಿದ ಕೈನ ತಮ್ಮದು ಅಂದ್ರು, ನಾನೂ ಹೂಂ ಅಂದೆ. ನೀನು ಯಾವತ್ತು ಹಿಡಿದೆ?"

ಚಿಕ್ಕಮಾವ ಕಿವಿಯ ತನಕ ಕೆಂಪಾಗಿ, ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಹೊರಟರು. ಮುಂದಿನ ವಾರ ಆ ಸ್ನೇಹಿತರ ಮನೆಗೆ ಹೋದಾಗ ಹೊಸ್ತಿಲಲ್ಲೇ ನಿಂತು, "ಇವರು ನಮ್ಮ ಅತ್ತಿಗೆ. ಕೊನೆ ಕೋಟು ಇವರದು" ಎಂದರು. ಹೇಳುವಾಗ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು. ಇರಲಿ ಬಿಡಿ, ಹೇಳಿದರಲ್ಲ.