ತುಂಡಾದದ್ದು ಅಡುಗೆಯವಳ ಪಾಲು

ಓಣಿಗೆ ಬೆಳಗಿನ ಉಬ್ಬರದ ನೀರು ಬಂದಿದೆ. ಪಾದ ಮುಳುಗುವಷ್ಟೇ, ಇಷ್ಟಕ್ಕೆಲ್ಲ ಕಡಲಂಚಿನ ನಮ್ಮೂರು ಮಲಬೋನ್‌ನಲ್ಲಿ ಯಾರೂ ನೆರೆ ಎನ್ನುವುದಿಲ್ಲ. ಆಲಿಂಗ್ ಪೂರಿಂಗ್, ಅಂದರೆ ನಮ್ಮ ಪೂರಿಂಗಕ್ಕ, ರಬ್ಬರ್ ಬೂಟು ಹಾಕಿಕೊಂಡು, ಇಟ್ಟಿಗೆ ಪೇರಿಸಿ ಎತ್ತರಿಸಿದ ಒಲೆಯ ಮುಂದೆ ನಿಂತಿದ್ದಾರೆ. ರಾತ್ರಿಯೇ ನೆನೆಹಾಕಿದ ದಪ್ಪ ಅಕ್ಕಿ ಶಾವಿಗೆ ಬೆಂದಿದೆ. ಅದಕ್ಕಿನ್ನು ಸೌಟು ಮುಟ್ಟಿಸುವಂತಿಲ್ಲ. ಸೀಗಡಿ ತಲೆಯ ರಸದಲ್ಲಿ ಕುದಿಸಿದ ಕೆಂಪು ಗೊಜ್ಜು ಸುರಿದು, ಎರಡೂ ಕೈಯಿಂದ ಮೇಲೆತ್ತಿ, ಇಳಿಬಿಟ್ಟು, ಮತ್ತೆ ಎತ್ತಿ ಕಲಸುತ್ತಾರೆ. ಕೈ ಸುಡುವುದಿಲ್ಲವೇ ಎಂದು ಪಕ್ಕದಲ್ಲಿ ನಿಂತ ನಾನು ಕೇಳಿದರೆ "ಸುಡತ್ತೆ" ಎನ್ನುತ್ತಾರೆ, ಅಷ್ಟೇ.

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಏನು ವಿಶೇಷ ಎಂದು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಪೂರಿಂಗ್ ಅವರ ಬಾಗಿಲಿನಿಂದ ಹೊರಟ ಪಾನ್ಸಿತ್, ಅಂದರೆ ಶಾವಿಗೆಯ ಅಡುಗೆ, ಯಾವುದೆಂದು ನೋಡಿದರೆ ಸಾಕು. ಬಾಳೆಲೆ ಹಾಸಿದ ಮೊರದಲ್ಲಿ ದಪ್ಪ ಶಾವಿಗೆ, ಮೇಲೆ ಸಿಂಪಿ, ಬೊಂಡಾಸ್, ಬೇಯಿಸಿದ ಮೊಟ್ಟೆ ಇದ್ದರೆ ಅದು ನಮ್ಮೂರಿನದೇ ಹೆಸರಿನ ಪಾನ್ಸಿತ್ ಮಲಬೋನ್, ಹುಟ್ಟುಹಬ್ಬದ್ದು. ಕೂದಲಿನಂಥ ಬಿಹೋನ್ ಶಾವಿಗೆ ಹೊರಟರೆ ಹೇಳದೆ ಕೇಳದೆ ನೆಂಟರು ಬಂದಿದ್ದಾರೆ. ಬಾಯಲ್ಲೇ ಕರಗುವ ಮಿಸ್ವಾ ಶಾವಿಗೆಯ ಸಾರಾದರೆ ಯಾರೋ ಹಾಸಿಗೆ ಹಿಡಿದಿದ್ದಾರೆ.

ಹುಟ್ಟುಹಬ್ಬದ ಶಾವಿಗೆ ತುಂಡಾಗಬಾರದು. ಶಾವಿಗೆ ಎಷ್ಟು ಉದ್ದವೋ ತಿನ್ನುವವರ ಆಯುಸ್ಸು ಅಷ್ಟುದ್ದ. ಎಷ್ಟೇ ಜೋಪಾನ ಮಾಡಿದರೂ ಒಂದಷ್ಟು ತುಂಡಾಗುತ್ತದೆ, ಅದನ್ನು ಪೂರಿಂಗ್ ಆರಿಸಿ ಬೇರೆ ಬಟ್ಟಲಿಗೆ ಹಾಕುತ್ತಾರೆ. "ತುಂಡಾದದ್ದು ಅಡುಗೆಯವಳ ಪಾಲು ಅಂತಿದ್ಳು ನಮ್ಮಮ್ಮ. ಇದೇ ಒಲೆ ಮುಂದೆ ಅವಳೂ ಅದನ್ನೇ ತಿಂದ್ಳು, ನಾನೂ ಅದನ್ನೇ ತಿಂದೆ. ಗಿರಾಕಿಗೆ ತುಂಡು ಹಾಕೋಕಾಗತ್ತಾ?" ಊರಿಗೆಲ್ಲ ಉದ್ದನೆಯ ಆಯುಸ್ಸು ಬಡಿಸಿದ ಈ ಹೆಂಗಸಿಗೆ ಅರವತ್ತು ದಾಟಿದೆ. ದಿನಕ್ಕೆ ಐದಾರು ಮೊರ ಹೋಗುತ್ತಿದ್ದ ಕಾಲವಿತ್ತು. ಈಗ ಎರಡು ಹೋದರೆ ಹೆಚ್ಚು. ಲೋಟಕ್ಕೆ ಬಿಸಿನೀರು ಸುರಿದರೆ ಶಾವಿಗೆಯಾಗುವ ಕಾಲದಲ್ಲಿ ಯಾರು ಕಾಯುತ್ತಾರೆ?

ಪಕ್ಕದ ಮನೆಯ ಲೂದಿಂಗ್ ಗಂಡನ ಹುಟ್ಟುಹಬ್ಬದ ಮೊರಕ್ಕಾಗಿ ಲಂಗ ಎತ್ತಿ ಹಿಡಿದು ನೀರಲ್ಲಿ ಬರುತ್ತಾಳೆ. ಇವಳ ಬಾಯಿಗೆ ಬೀಗವಿಲ್ಲ.

"ಅಕ್ಕಾ, ನಮ್ಮೆಜಮಾನ್ರದ್ದಕ್ಕೆ ಸ್ವಲ್ಪ ಕತ್ತರಿ ಆಡ್ಸು. ಸಾಕಾಗಿದೆ ನಂಗೆ!"

"ಥೂ, ಮುಚ್ಚೇ ಬಾಯಿ. ಅವನಿಲ್ದಿದ್ರೆ ಯಾರನ್ನ ಬೈತೀಯ?"

ಇಬ್ಬರೂ ನಗುತ್ತಾರೆ. ಆದರೆ ಒಳಗಿನ ಮಂಚದ ಕಡೆ ಕಣ್ಣು ಹೊರಳುತ್ತಲೇ ಲೂದಿಂಗ್ ನಗು ನಿಲ್ಲಿಸಿ, ಮೊರ ಎತ್ತಿಕೊಂಡು ಹೊರಟುಬಿಡುತ್ತಾಳೆ. ಅಲ್ಲಿ ಮಲಗಿರುವ ಪೂರಿಂಗ್ ಅವರ ಗಂಡ ಮಾಂಗ್ ಗೊರ್ಯೊ ಹುಟ್ಟಿದ್ದೂ ಇದೇ ದಿನ.

ಗೊರ್ಯೊ ಬಂದರಿನಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದ ಆಳು. ಲಕ್ವ ಹೊಡೆದು ಎಡಭಾಗ ಹೋಯಿತು, ಮಾತು ಮುಕ್ಕಾಲು ಹೋಯಿತು, ನುಂಗುವುದೂ ಕಷ್ಟವಾಯಿತು. ಮಕ್ಕಳಿಲ್ಲದ ಮನೆ. ಏನು ಕೊಟ್ಟರೂ ಸಣ್ಣಗೆ ಕತ್ತರಿಸಿ ಕೊಡಿ ಎಂದು ನರ್ಸಮ್ಮ ಹೇಳಿದ್ದರು. ಹೋದ ವರ್ಷದ ಹುಟ್ಟುಹಬ್ಬಕ್ಕೆ ಪೂರಿಂಗ್ ಅನ್ನ ಕಿವುಚಿದರು, ಮೀನು ಪುಡಿ ಮಾಡಿದರು, ಪಾನ್ಸಿತ್ ಮಾತ್ರ ಉದ್ದವಾಗಿಯೇ ಬಾಯಿಗಿಟ್ಟರು.

"ನನ್ನ ಕೈಯಾರೆ ಇವರ ಆಯುಸ್ಸು ಕತ್ತರಿಸ್ಲಾ ಅನ್ನಿಸ್ತು. ಗಂಟಲಲ್ಲಿ ಸಿಕ್ಕಾಕೊಂಡ್ಬಿಡ್ತು. ಮುಖ ನೀಲಿ. ಲೂದಿಂಗ್ ಗಂಡ ಓಡಿಬಂದು ಬೆನ್ನಿಗೆ ಗುದ್ದಿ ಗುದ್ದಿ ತೆಗೆಸ್ದ. ಇಲ್ದಿದ್ರೆ ನಾನೇ ಕೊಂದಿರ್ತಿದ್ದೆ." ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಈ ಸಲ ಮಿಸ್ವಾ ಕೊಟ್ಟರಾಯಿತು ಎಂದುಕೊಂಡಿದ್ದರು. ಅದು ಉದ್ದವೂ ಹೌದು, ತಾನಾಗಿಯೇ ಜಾರುತ್ತದೆ. ಮೊನ್ನೆ ರುಚಿಗೆಂದು ಒಂದು ಚಮಚ ಬಾಯಿಗಿಟ್ಟರೆ ಗೊರ್ಯೊ ಗೋಡೆಯ ಕಡೆ ತಿರುಗಿಕೊಂಡರು. ಉಳಿದಿರುವ ನಾಲ್ಕಾರು ಮಾತಿನಲ್ಲೇ ಆರಿಸಿ ಹೇಳಿದರು: "ಕಾಯ್ಲೆ ಊಟ." ಇಷ್ಟು ವರ್ಷ ಹೆಂಡತಿಯ ಅಡುಗೆ ತಿಂದವರು, ಅವರಿಗೆ ಗೊತ್ತಾಗದೆ ಇರುತ್ತದೆಯೇ?

ಪೂರಿಂಗ್ ಕೈ ತೊಳೆದು, ಬಾಳೆಲೆ ಕತ್ತರಿಸುವ ಕತ್ತರಿಯನ್ನು ಬಿಸಿನೀರಲ್ಲಿ ಅದ್ದಿ ಒರೆಸುತ್ತಾರೆ. ಪಾನ್ಸಿತ್ ಹಾಕಿದ ತಟ್ಟೆ ಹಿಡಿದು ಮಂಚದ ಅಂಚಿನಲ್ಲಿ ಕೂರುತ್ತಾರೆ. ಕತ್ತರಿ ಬಾಯಿ ತೆರೆದು ಸುಮ್ಮನೆ ಇರುತ್ತದೆ.

"ನಾನು ಬೇಕಾದ್ರೆ ಕತ್ತರಿಸ್ಲಾ ಅಕ್ಕ?" ಎನ್ನುತ್ತೇನೆ.

"ಬೇಡ. ಬೇರೆಯವರ ಕೈಯಿಂದ ಆಗೋದು ಬೇಡ."

ಗಂಡನ ಮುಖ ನೋಡುತ್ತಲೇ ಕತ್ತರಿಸುತ್ತಾರೆ. ಅಕ್ಕಿಕಾಳಿನಷ್ಟು ಸಣ್ಣಗೆ, ಒಂದೂ ಬಿಡದೆ. ಬಟ್ಟಲಲ್ಲಿದ್ದ ತುಂಡುಗಳೂ ಅದೇ ತಟ್ಟೆಗೆ ಬೀಳುತ್ತವೆ. ಪುಟ್ಟ ಹುಳಿನಿಂಬೆ ಹಿಂಡಿ ಮೊದಲ ಚಮಚ ಕೊಡುತ್ತಾರೆ. ಗೊರ್ಯೊ ತುಂಬ ಹೊತ್ತು ಬಾಯಾಡಿಸಿ, ನುಂಗಿ, "ಮಲಬೋನ್" ಎನ್ನುತ್ತಾರೆ. ಮತ್ತೆ ಬಾಯಿ ತೆರೆಯುತ್ತಾರೆ. ನನಗೆ ನೋಡಲಾಗುವುದಿಲ್ಲ, ಹೊಸ್ತಿಲಾಚೆಯ ನೀರು ನೋಡುತ್ತ ನಿಲ್ಲುತ್ತೇನೆ.

ತಿರುಗಿ ಬಂದಾಗ ಗಂಡನ ಬಾಯಿ ಒರೆಸಿಯಾಗಿದೆ. ಪೂರಿಂಗ್ ತಮ್ಮ ತಟ್ಟೆ ಹಿಡಿದಿದ್ದಾರೆ. ಅದರಲ್ಲಿರುವುದು ಉದ್ದನೆಯ ಶಾವಿಗೆ. ಮುಖದೆತ್ತರಕ್ಕೆ ಎತ್ತಿ, ತುಂಡಾಗದಂತೆ ನಿಧಾನ ಒಳಗೆಳೆದುಕೊಳ್ಳುತ್ತಾರೆ. ಇವರು ಹೀಗೆ ತಿಂದದ್ದನ್ನು ನಾನೆಂದೂ ಕಂಡಿಲ್ಲ.

"ಇವತ್ತು ನಿಮ್ಮ ಹುಟ್ಟುಹಬ್ಬ ಅಲ್ವಲ್ಲಕ್ಕ?"

"ಅಲ್ಲ." ಇನ್ನೊಂದು ಎಳೆ ಎತ್ತುತ್ತಾರೆ. "ಜಾಸ್ತಿ ಏನೂ ಬೇಡಪ್ಪ ನಂಗೆ. ಇವರಿಗಿಂತ ಒಂದೇ ಒಂದು ದಿನ ಹೆಚ್ಚಿಗೆ ಸಾಕು. ನಾನು ಮೊದ್ಲು ಹೋದ್ರೆ ಇವರಿಗೆ ಕತ್ತರಿಸಿ ಕೊಡೋರು ಯಾರು?"